ಪಿಯು ಅಂಕ ಕೈಕೊಡುವ ಹಾಗಿದ್ದರೆ ಲಾ ಓದುವುದು ಹೇಗೆ? ಇರುವ ದಾರಿಗಳ ಹೋಲಿಕೆ

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್ ಡಿಸೆಂಬರ್‌ನಲ್ಲೇ ಮುಗಿದಿರುತ್ತದೆ. ರ್‍ಯಾಂಕ್ ಬಂದು, ಕೌನ್ಸೆಲಿಂಗ್ ಶುರುವಾಗಿ, ಕೆಲವರಿಗೆ ಯಾವ ಕಾಲೇಜು ಎಂಬುದೂ ತಿಳಿದಿರುತ್ತದೆ. ದ್ವಿತೀಯ ಪಿಯು ಫಲಿತಾಂಶ ಬರುವುದು ಮಾತ್ರ ಏಪ್ರಿಲ್ ಹೊತ್ತಿಗೆ. ಈ ನಡುವಿನ ತಿಂಗಳುಗಳಲ್ಲಿ ಮಕ್ಕಳು ಪಡುವ ಆತಂಕ ಸಣ್ಣದಲ್ಲ. ಅಕೌಂಟೆನ್ಸಿ ಪೇಪರ್ ಕೆಟ್ಟಿತು, ಇಂಗ್ಲಿಷ್‌ನಲ್ಲಿ ಎರಡು ಪ್ರಶ್ನೆ ಬಿಟ್ಟುಹೋಯಿತು, ಈಗ ಸೀಟು ಉಳಿಯುತ್ತದೋ ಇಲ್ಲವೋ ಎಂದು ರಾತ್ರಿಯೆಲ್ಲ ಲೆಕ್ಕ ಹಾಕುತ್ತಾ ಕೂರುತ್ತಾರೆ. ಕ್ಲ್ಯಾಟ್ ಬರೆಯದೆ ಊರಿನ ಲಾ ಕಾಲೇಜಿಗೆ ಸೇರಬೇಕೆಂದಿದ್ದವರಿಗೂ ಇದೇ ಚಿಂತೆ.

ಅಂಕ ಕಡಿಮೆಯಾದರೆ ವಕೀಲಿಕೆಯ ಕನಸು ಮುಗಿಯಿತು ಎಂದು ತಿಳಿಯುವವರು ಬಹಳ. ಅದು ಖಂಡಿತ ನಿಜವಲ್ಲ. ಆದರೆ ದಾರಿಗಳು ಒಂದೇ ತರಹ ಇಲ್ಲ. ನಿಮ್ಮ ಕೊರತೆ ಯಾವ ಬಗೆಯದು ಎಂಬುದರ ಮೇಲೆ ಆಯ್ಕೆ ಬದಲಾಗುತ್ತದೆ. ಅದನ್ನು ತಿಳಿಯದೆ ಆತುರಪಟ್ಟವರೇ ದುಡ್ಡನ್ನೂ ವರ್ಷವನ್ನೂ ಕಳೆದುಕೊಳ್ಳುವುದು.

ಅರ್ಹತೆ ಇಲ್ಲವೋ, ಮೆರಿಟ್ ಸಾಲದೋ?

ಇವೆರಡೂ ಬೇರೆ ಬೇರೆ. ಭಾರತೀಯ ವಕೀಲರ ಪರಿಷತ್ತಿನ, ಅಂದರೆ ಬಿಸಿಐನ, 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಐದು ವರ್ಷದ ಎಲ್‌ಎಲ್‌ಬಿಗೆ ಸೇರಲು ಸಾಮಾನ್ಯ ವರ್ಗದವರಿಗೆ ಹನ್ನೆರಡನೆಯ ತರಗತಿಯಲ್ಲಿ ಒಟ್ಟು ಶೇ. 45 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಶೇ. 40. ಇತರೆ ಹಿಂದುಳಿದ ವರ್ಗದವರಿಗೆ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಶೇ. 42. ನಮ್ಮ ಪಿಯುನ 600 ಅಂಕಗಳಿಗೆ ಇದನ್ನು ಇಳಿಸಿದರೆ ಕ್ರಮವಾಗಿ 270, 240, 252. ಕಲೆ, ವಾಣಿಜ್ಯ, ವಿಜ್ಞಾನ ಯಾವುದನ್ನು ಓದಿದ್ದರೂ ನಡೆಯುತ್ತದೆ. ಇದು ಹೊಸ್ತಿಲು. ಇದನ್ನು ದಾಟದವರಿಗೆ ಆ ವರ್ಷ ಐದು ವರ್ಷದ ಕೋರ್ಸ್ ಇಲ್ಲ, ರ್‍ಯಾಂಕ್ ಎಷ್ಟೇ ಚೆನ್ನಾಗಿರಲಿ.

ಪಾಸಾಗಿದ್ದೇನಲ್ಲ, ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸಾಲದು. ಪಿಯು ಪಾಸಾಗಲು ಬೇಕಾದ ಅಂಕಕ್ಕೂ ಲಾ ಸೇರಲು ಬೇಕಾದ ಅಂಕಕ್ಕೂ ನಡುವೆ ದೊಡ್ಡ ಅಂತರವಿದೆ. ಪಾಸ್ ಕ್ಲಾಸ್ ಎಂದು ಬಂದ ಮಾರ್ಕ್ಸ್ ಕಾರ್ಡನ್ನು ಕೈಯಲ್ಲಿ ಹಿಡಿದು ಒಟ್ಟು ಅಂಕವನ್ನೊಮ್ಮೆ ನೀವೇ ಕೂಡಿ ನೋಡಿ.

ಇನ್ನೊಂದು ಸೂಕ್ಷ್ಮವನ್ನು ಅನೇಕರು ಗಮನಿಸುವುದಿಲ್ಲ. ಕ್ಲ್ಯಾಟ್‌ನಲ್ಲಿ ಹಿಂದುಳಿದ ವರ್ಗದವರಿಗೆ ಶೇ. 42ರ ರಿಯಾಯಿತಿ ಇಲ್ಲ, ಅವರಿಗೂ ಶೇ. 45 ಬೇಕು. ಪರಿಶಿಷ್ಟರಿಗೆ ಮಾತ್ರ ಅಲ್ಲೂ ಶೇ. 40. ಹಾಗಾಗಿ 2ಎ ವರ್ಗದ ಒಬ್ಬ ಹುಡುಗಿಗೆ 258 ಅಂಕ ಬಂದರೆ ಅವಳಿಗೆ ಹುಬ್ಬಳ್ಳಿ ವಿಶ್ವವಿದ್ಯಾಲಯದ ಅಡಿಯ ಕಾಲೇಜು ತೆರೆದಿರುತ್ತದೆ, ರಾಷ್ಟ್ರೀಯ ಕಾನೂನು ಶಾಲೆ ಮುಚ್ಚಿರುತ್ತದೆ. ಒಂದೇ ಮಾರ್ಕ್ಸ್ ಕಾರ್ಡ್, ಎರಡು ಫಲ.

44.8 ಬಂದಿದೆ, 45 ಎಂದು ಪರಿಗಣಿಸುವುದಿಲ್ಲವೇ? ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಪರಿಗಣಿಸುತ್ತಾರೆ ಎಂಬ ಭರವಸೆ ಇಟ್ಟುಕೊಳ್ಳಬೇಡಿ. ಒಡಿಶಾದಲ್ಲಿ ನ್ಯಾಯಾಂಗ ಸೇವೆಯ ಪರೀಕ್ಷೆ ಬರೆದಿದ್ದ ಅಭ್ಯರ್ಥಿಯೊಬ್ಬರಿಗೆ 750ಕ್ಕೆ 337, ಅಂದರೆ ಶೇ. 44.93 ಬಂದಿತ್ತು. ನಿಯಮದಲ್ಲಿ 45 ಎಂದಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 45ಕ್ಕೆ ಏರಿಸಲು ಒಪ್ಪಲಿಲ್ಲ. ಅದು ನೇಮಕಾತಿಯ ಪ್ರಕರಣ ಹೌದು, ಆದರೆ ಕನಿಷ್ಠ ಅಂಕ ಎಂದು ನಿಯಮವೇ ಬರೆದಿರುವಾಗ ಕೋರ್ಟುಗಳು ಅದನ್ನು ಹೇಗೆ ಓದುತ್ತವೆ ಎಂಬುದು ಅದರಿಂದ ಗೊತ್ತಾಗುತ್ತದೆ.

ಎರಡನೆಯ ಬಗೆಯ ಕೊರತೆ ಮೆರಿಟ್‌ನದು. ಶೇ. 45 ದಾಟಿದೆ, 58 ಬಂದಿದೆ, ಆದರೆ ಬಯಸಿದ ಕಾಲೇಜಿನ ಕಟ್‌ಆಫ್ ಅದಕ್ಕಿಂತ ಮೇಲಿದೆ. ಇಲ್ಲಿ ಬಾಗಿಲು ಮುಚ್ಚಿಲ್ಲ, ಕಾಲೇಜು ಬದಲಾಗಬೇಕು ಅಷ್ಟೆ. ಇನ್ನು ಕ್ಲ್ಯಾಟ್ ಮೂಲಕ ಹೋಗುವವರಿಗೆ ಪಿಯು ಅಂಕ ಮೆರಿಟ್‌ಗೆ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ರ್‍ಯಾಂಕ್ ನಿರ್ಧರಿಸುವುದು ಆ 120 ಪ್ರಶ್ನೆಗಳು ಮಾತ್ರ. ಪಿಯುನಲ್ಲಿ ಶೇ. 95 ತೆಗೆದವರೂ 46 ತೆಗೆದವರೂ ಅಲ್ಲಿ ಸಮ. ಹೀಗಾಗಿ ಸೀಟು ಗೊತ್ತಾದ ಮೇಲೆ ನಿಮಗೆ ಬೇಕಿರುವುದು 270 (ಪರಿಶಿಷ್ಟರಿಗೆ 240), ಅದಕ್ಕಿಂತ ಒಂದು ಅಂಕವೂ ಹೆಚ್ಚು ಬೇಕಿಲ್ಲ. ಇದು ಗೊತ್ತಿದ್ದರೇ ಎಷ್ಟೋ ಮಕ್ಕಳ ಅರ್ಧ ಭಯ ಇಳಿಯುತ್ತದೆ.

ಇದೇ ವರ್ಷ ಅಂಕ ಏರಿಸಿಕೊಳ್ಳುವುದು

ಹೊಸ್ತಿಲಿಗೆ ಹತ್ತಿಪ್ಪತ್ತು ಅಂಕ ಕಡಿಮೆ ಇರುವವರಿಗೆ ನಾನು ಮೊದಲು ಹೇಳುವ ದಾರಿ ಇದೇ. ಒಂದು ಮಾರ್ಕ್ಸ್ ಕಾರ್ಡ್ ಹೀಗಿದೆ ಎಂದುಕೊಳ್ಳಿ: ಕನ್ನಡ 62, ಇಂಗ್ಲಿಷ್ 41, ಇತಿಹಾಸ 48, ಅರ್ಥಶಾಸ್ತ್ರ 35, ರಾಜ್ಯಶಾಸ್ತ್ರ 46, ಸಮಾಜಶಾಸ್ತ್ರ 36. ಒಟ್ಟು 268. ಸಾಮಾನ್ಯ ವರ್ಗದ ಹುಡುಗನಾದರೆ ಎರಡೇ ಅಂಕದಲ್ಲಿ ಐದು ವರ್ಷದ ಎಲ್‌ಎಲ್‌ಬಿ ತಪ್ಪುತ್ತದೆ.

ಇವನು ಮೊದಲು ಮಾಡಬೇಕಾದ್ದು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕುವುದು. ಅರ್ಥಶಾಸ್ತ್ರ ಮತ್ತು ಸಮಾಜಶಾಸ್ತ್ರ, ಎರಡು ಸಾಕು. ಎಲ್ಲ ವಿಷಯಕ್ಕೂ ಹಾಕಿ ದುಡ್ಡು ಕಳೆಯಬೇಡಿ. ಪ್ರತಿ ಬಂದ ಮೇಲೆ ಮನೆಯಲ್ಲಿ ಕುಳಿತು ನೋಡಿದರೆ ಪ್ರಯೋಜನ ಕಡಿಮೆ. ಆ ವಿಷಯದ ಉಪನ್ಯಾಸಕರ ಮುಂದಿಟ್ಟು, ಮಾದರಿ ಉತ್ತರದ ಜೊತೆ ಒಂದೊಂದೇ ಪ್ರಶ್ನೆ ಹೋಲಿಸಿ. ಒಳಪುಟದಲ್ಲಿ ಕೊಟ್ಟ ಅಂಕ ಮೊದಲ ಪುಟದ ಪಟ್ಟಿಗೆ ಬಂದಿದೆಯೇ, ಹಿಂದಿನ ಹಾಳೆಯಲ್ಲಿ ಬರೆದ ಉತ್ತರ ತಿದ್ದಿದ್ದಾರೆಯೇ ಎಂದು ನೋಡಿ. ಕೂಡಿಸುವಾಗ ತಪ್ಪಾಗಿದ್ದರೆ ಮರುಎಣಿಕೆ, ಉತ್ತರಕ್ಕೆ ಅಂಕ ಕಡಿಮೆ ಬಿದ್ದಿದೆ ಎನಿಸಿದರೆ ಮರುಮೌಲ್ಯಮಾಪನ. ಮರುಮೌಲ್ಯಮಾಪನಕ್ಕೆ ಸ್ಕ್ಯಾನ್ ಪ್ರತಿ ಮೊದಲು ಪಡೆದಿರಲೇಬೇಕು, ಮತ್ತು ಇವೆಲ್ಲಕ್ಕೂ ಕೊಡುವ ಗಡುವು ಕೆಲವೇ ದಿನಗಳದ್ದು. ಫಲಿತಾಂಶದ ಬೇಸರದಲ್ಲಿ ಒಂದು ವಾರ ಮಲಗಿದರೆ ಗಡುವು ಮುಗಿದೇಹೋಗಿರುತ್ತದೆ.

ಜೊತೆಜೊತೆಗೇ ಪರೀಕ್ಷೆ-2ಕ್ಕೂ ಹೆಸರು ನೋಂದಾಯಿಸಿ. 2024ರಿಂದ ರಾಜ್ಯದ ಪರೀಕ್ಷಾ ಮಂಡಳಿ ಒಂದೇ ವಾರ್ಷಿಕ ಪರೀಕ್ಷೆ ಎಂಬ ಪದ್ಧತಿ ಬಿಟ್ಟು, ಅದೇ ವರ್ಷ ಮತ್ತೆ ಬರೆಯುವ ಅವಕಾಶ ಕೊಟ್ಟಿದೆ. ಫೇಲಾದವರಿಗಷ್ಟೇ ಅಲ್ಲ, ಪಾಸಾಗಿ ಅಂಕ ಸಾಲದವರಿಗೂ ಇದು ಉಂಟು. ಎರಡರಲ್ಲಿ ಯಾವುದು ಹೆಚ್ಚೋ ಆ ಅಂಕ ಉಳಿಯುತ್ತದೆ. ಹಿಂದೆ ಸಪ್ಲಿಮೆಂಟರಿ ಎಂದರೆ ಊರೆಲ್ಲ ಕೀಳಾಗಿ ನೋಡುತ್ತಿದ್ದರು, ಈಗ ಆ ಕಳಂಕ ಬಹುಮಟ್ಟಿಗೆ ಹೋಗಿದೆ, ಹೋಗಬೇಕಾದ್ದೇ. ಆಂತರಿಕ ಅಂಕ ಕೈಯಲ್ಲಿಲ್ಲ, ಬರೆದು ಗಳಿಸಬಹುದಾದ್ದು ಉಳಿದ 80 ಮಾತ್ರ ಎಂಬುದು ನೆನಪಿರಲಿ. ಮೇಲಿನ ಹುಡುಗ ಅರ್ಥಶಾಸ್ತ್ರ ಒಂದನ್ನೇ ಗಟ್ಟಿಯಾಗಿ ಓದಿ ಬರೆದರೂ ಹತ್ತು ಅಂಕ ಏರುವುದು ಕಷ್ಟವಲ್ಲ. ಆರೂ ವಿಷಯ ಬರೆಯಲು ಹೊರಟರೆ ಯಾವುದೂ ನೆಟ್ಟಗಾಗುವುದಿಲ್ಲ.

ಈ ದಾರಿಯ ತೊಡಕು ಒಂದೇ, ಸಮಯ. ಹೊಸ ಮಾರ್ಕ್ಸ್ ಕಾರ್ಡ್ ಬರುವಷ್ಟರಲ್ಲಿ ಸೇರುವ ಕಾಲೇಜಿನ ದಾಖಲೆ ಪರಿಶೀಲನೆ ಮುಗಿದಿರಬಾರದು. ಕ್ಲ್ಯಾಟ್ ಬರೆಯುವಾಗ ಹನ್ನೆರಡನೆಯ ತರಗತಿಯಲ್ಲಿ ಓದುತ್ತಿದ್ದರೂ ನಡೆಯುತ್ತದೆ, ಪ್ರವೇಶದ ವೇಳೆ ಅರ್ಹತಾ ಅಂಕದ ಪುರಾವೆ ಕೊಡಬೇಕು. ಆ 'ವೇಳೆ' ಪ್ರತಿ ವಿಶ್ವವಿದ್ಯಾಲಯದಲ್ಲೂ ಬೇರೆ. ರಾಜ್ಯದ ಲಾ ಕಾಲೇಜುಗಳ ಪ್ರವೇಶ ಪಿಯು ಫಲಿತಾಂಶದ ನಂತರವೇ ಶುರುವಾಗುವುದರಿಂದ ಅಲ್ಲಿ ಉಸಿರಾಡಲು ಸ್ವಲ್ಪ ಜಾಗ ಇರುತ್ತದೆ.

ಸಿಬಿಎಸ್‌ಇ ಮಕ್ಕಳಿಗೆ ಜುಲೈನ ಪೂರಕ ಪರೀಕ್ಷೆಯಲ್ಲಿ ಒಂದು ವಿಷಯದ ಅಂಕ ಸುಧಾರಿಸಿಕೊಳ್ಳಲು ಅವಕಾಶವಿದೆ, ಹೆಚ್ಚು ವಿಷಯಗಳಾದರೆ ಮುಂದಿನ ವರ್ಷದ ಪರೀಕ್ಷೆ. ಅವರಿಗೆ ಗಡುವಿನ ಇಕ್ಕಟ್ಟು ಇನ್ನೂ ಜಾಸ್ತಿ.

ಐದು ವರ್ಷವೋ, ಡಿಗ್ರಿ ಮುಗಿಸಿ ಮೂರು ವರ್ಷವೋ

ನನ್ನ ಪ್ರಕಾರ ಇಡೀ ಆಯ್ಕೆಯ ತಿರುಳು ಇರುವುದು ಇಲ್ಲಿ, ಮನೆಯವರು ಅತ್ಯಂತ ಕಡಿಮೆ ಯೋಚಿಸುವುದೂ ಇದನ್ನೇ.

ಮೂರು ವರ್ಷದ ಎಲ್‌ಎಲ್‌ಬಿಗೆ ನೋಡುವುದು ಡಿಗ್ರಿಯ ಅಂಕ. ಅಲ್ಲೂ ಬಿಸಿಐನ ಕನಿಷ್ಠ ಶೇ. 45, ಪರಿಶಿಷ್ಟರಿಗೆ 40. ಪಿಯು ಪಾಸಾಗಿರಬೇಕು, ಆದರೆ ಪಿಯುನಲ್ಲಿ ಎಷ್ಟು ಬಂದಿತ್ತು ಎಂಬುದು ಅಡ್ಡ ಬರುವುದಿಲ್ಲ. ಪಿಯುನಲ್ಲಿ 38 ಬಂದ ಹುಡುಗ ಬಿಎಯಲ್ಲಿ 60 ತೆಗೆದರೆ ಅವನ ಹಳೆಯ ಕೊರತೆ ಅಲ್ಲಿಗೆ ತೀರಿತು. ವಕೀಲಿಕೆ ಮಾಡಲು ಬೇಕಾದ ಪರವಾನಗಿಯನ್ನು, ಅಂದರೆ ಸನ್ನದನ್ನು, ಪಡೆಯುವಾಗ ಇವನೂ ಐದು ವರ್ಷ ಓದಿ ಬಂದವನೂ ಒಂದೇ. ಇಬ್ಬರೂ ಅಖಿಲ ಭಾರತ ವಕೀಲರ ಪರೀಕ್ಷೆ ಬರೆಯಬೇಕು, ಇಬ್ಬರೂ ಅದೇ ಕರಿ ಕೋಟು ಹಾಕಬೇಕು. ಸಿವಿಲ್ ನ್ಯಾಯಾಧೀಶರ ಹುದ್ದೆಗೂ ಎರಡೂ ಪದವಿ ನಡೆಯುತ್ತವೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಹುದ್ದೆಗೆ ಮೂರು ವರ್ಷದ ವಕೀಲಿಕೆ ಕಡ್ಡಾಯ ಎಂದು ಮತ್ತೆ ಜಾರಿಗೆ ತಂದಿತು, ಅದೂ ಇಬ್ಬರಿಗೂ ಒಂದೇ.

ಕಾಲದ ಲೆಕ್ಕ ಹಾಕಿ ನೋಡಿ. ರಾಜ್ಯದಲ್ಲಿ ನಾಲ್ಕು ವರ್ಷದ ಆನರ್ಸ್ ಪದ್ಧತಿ ಕೈಬಿಟ್ಟು 2024ರಿಂದ ಮೂರು ವರ್ಷದ ಪದವಿಗೆ ಮರಳಿದ್ದಾರೆ. ಹಾಗಾಗಿ ಮೂರೂ ಮೂರೂ ಆರು. ಐದು ವರ್ಷದ ಕೋರ್ಸಿಗಿಂತ ಒಂದೇ ವರ್ಷ ಹೆಚ್ಚು. ಕ್ಲ್ಯಾಟ್‌ಗೆಂದು ಒಂದು ವರ್ಷ ಮನೆಯಲ್ಲಿ ಕೂತು ನಂತರ ಐದು ವರ್ಷ ಓದಿದರೂ ಆರೇ. ಈ ಸರಳ ಕೂಡುವಿಕೆಯನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಎಷ್ಟೋ ಅಪ್ಪ ಅಮ್ಮಂದಿರ ಮುಖ ಸಡಿಲವಾಗುತ್ತದೆ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಬೇರೆ ಇದೆ. ಬಿಎಯಂಥ ಪದವಿಯೂ ಲಾ ಪದವಿಯೂ ಒಟ್ಟಿಗೆ ಸೇರಿರುವ ಐದು ವರ್ಷದ ಸಂಯೋಜಿತ ಕೋರ್ಸಿನಲ್ಲಿ ನಡುವೆ ಬಿಡಲು ಬರುವುದಿಲ್ಲ. ಮೂರು ವರ್ಷ ಮುಗಿಸಿ, ಲಾ ನನಗಲ್ಲ ಎನಿಸಿ ಹೊರಬಂದರೆ ಬಿಎ ಪದವಿ ಕೊಡುವುದಿಲ್ಲ. ಹಾಗೆಯೇ ನಡುವೆ ಬಂದು ಸೇರಲೂ ಆಗದು. ಬಿಸಿಐ ನಿಯಮ ಎರಡನ್ನೂ ನಿಷೇಧಿಸಿದೆ. ಹದಿನೆಂಟಕ್ಕೇ ವಕೀಲನಾಗುತ್ತೇನೆಂದು ಖಚಿತವಾಗಿರುವವರಿಗೆ ಇದು ತೊಂದರೆಯಲ್ಲ. ಆದರೆ ಇಂಜಿನಿಯರಿಂಗ್ ಸಿಗಲಿಲ್ಲ, ಹೋಗಲಿ ಲಾ ಮಾಡೋಣ ಎಂದು ಬರುವವರು ಯೋಚಿಸಬೇಕು. ಅವರಿಗೆ ಡಿಗ್ರಿ ದಾರಿಯೇ ಸುರಕ್ಷಿತ. ಮೂರು ವರ್ಷದ ಕೊನೆಗೆ ಕೈಯಲ್ಲೊಂದು ಪದವಿ ಇರುತ್ತದೆ, ಕೆಎಎಸ್, ಬ್ಯಾಂಕ್, ಎಂಬಿಎ ಯಾವುದಕ್ಕೂ ಅರ್ಜಿ ಹಾಕಬಹುದು.

ಐದು ವರ್ಷದ ಕೋರ್ಸಿನ ಲಾಭವನ್ನೂ ಹೇಳಬೇಕು. ಕಾನೂನಿನ ಭಾಷೆ ಬೇಗ ಮೈಗೂಡುತ್ತದೆ, ವಾದದ ಅಭ್ಯಾಸಕ್ಕೆ ನಡೆಸುವ ಅಣಕು ನ್ಯಾಯಾಲಯಗಳಾದ ಮೂಟ್ ಕೋರ್ಟ್‌ಗಳಿಗೆ ಹೆಚ್ಚು ವರ್ಷ ಸಿಗುತ್ತವೆ, ಇಂಟರ್ನ್‌ಶಿಪ್ ಮಾಡಲು ಹೆಚ್ಚು ರಜೆಗಳು ಸಿಗುತ್ತವೆ. ಬೆಂಗಳೂರು, ಮುಂಬೈನ ದೊಡ್ಡ ಲಾ ಫರ್ಮ್‌ಗಳಿಗೆ ಹೋಗಬೇಕೆನ್ನುವವರಿಗೆ ಒಳ್ಳೆಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಐದು ವರ್ಷದ ಪದವಿಯ ತೂಕವೇ ಬೇರೆ. ಜಿಲ್ಲಾ ನ್ಯಾಯಾಲಯದಲ್ಲಿ ಸಿವಿಲ್, ಕ್ರಿಮಿನಲ್ ಪ್ರಾಕ್ಟೀಸ್ ಮಾಡುವವರಿಗೆ ಆ ತೂಕ ಅಷ್ಟಾಗಿ ಬೇಕಿಲ್ಲ. ಅಲ್ಲಿ ಯಾವ ಸೀನಿಯರ್ ಕೈಕೆಳಗೆ ಪಳಗಿದಿರಿ ಎಂಬುದನ್ನೇ ಕೇಳುತ್ತಾರೆ.

ಡಿಗ್ರಿ ದಾರಿ ಹಿಡಿಯುವವರಿಗೆ ಒಂದು ಸಿಹಿ ಸುದ್ದಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 2022ರಿಂದ ಮೂರು ವರ್ಷದ ಎಲ್‌ಎಲ್‌ಬಿಯನ್ನೂ ನಡೆಸುತ್ತಿದೆ. ಅದಕ್ಕೆ ಎನ್‌ಎಲ್‌ಸ್ಯಾಟ್ ಎಂಬ ತನ್ನದೇ ಪರೀಕ್ಷೆ. ಪಿಯುನಲ್ಲಿ ಎಡವಿದವರು ಅದೇ ನಾಗರಬಾವಿ ಕ್ಯಾಂಪಸ್ಸಿಗೆ ಮೂರು ವರ್ಷ ತಡವಾಗಿ ಹೋಗಬಹುದು. ಹಾಗೆಂದು ಎಲ್ಲ ಕಡೆ 45 ಸಾಕು ಎಂದುಕೊಳ್ಳಬೇಡಿ. ಬಿಸಿಐ ಹೇಳುವುದು ಕನಿಷ್ಠ, ವಿಶ್ವವಿದ್ಯಾಲಯಗಳು ಏರಿಸಿಕೊಳ್ಳಬಹುದು. ದೆಹಲಿ ವಿಶ್ವವಿದ್ಯಾಲಯ ಸಾಮಾನ್ಯ ವರ್ಗಕ್ಕೆ ಡಿಗ್ರಿಯಲ್ಲಿ ಶೇ. 50 ಕೇಳುತ್ತದೆ.

ಯಾವ ಡಿಗ್ರಿ? ರಾಜ್ಯಶಾಸ್ತ್ರ, ಇತಿಹಾಸ ಇರುವ ಬಿಎ ಸಂವಿಧಾನ ಓದುವಾಗ ಕೈಹಿಡಿಯುತ್ತದೆ. ತೆರಿಗೆ, ಕಂಪನಿ ಕಾನೂನಿನತ್ತ ಒಲವಿದ್ದರೆ ಬಿಕಾಂ. ಇಷ್ಟವಿಲ್ಲದ ವಿಷಯ ತೆಗೆದುಕೊಂಡು ಮತ್ತೆ 45ರ ಅಂಚಿಗೆ ಬಂದು ನಿಲ್ಲುವಂತಾಗಬಾರದು ಎಂಬುದೇ ಮುಖ್ಯ. ಡಿಗ್ರಿಯಲ್ಲಿ ಗ್ರೇಡ್ ಮಾತ್ರ ಕೊಟ್ಟಿದ್ದರೆ ಅದನ್ನು ಶೇಕಡಾವಾರಿಗೆ ಪರಿವರ್ತಿಸಿದ ಪತ್ರವನ್ನು ವಿಶ್ವವಿದ್ಯಾಲಯದಿಂದ ಮೊದಲೇ ಪಡೆದಿಡಿ. ದೂರಶಿಕ್ಷಣದ ಡಿಗ್ರಿಯೂ ಎಲ್‌ಎಲ್‌ಬಿಗೆ ಸಲ್ಲುತ್ತದೆ, ಆದರೆ ಹತ್ತನೆಯದು, ಹನ್ನೆರಡನೆಯದು, ಡಿಗ್ರಿ ಎಂಬ ಮೆಟ್ಟಿಲು ಕ್ರಮವಾಗಿ ಹತ್ತಿರಬೇಕು. ಪಿಯು ಇಲ್ಲದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದ ಡಿಗ್ರಿ ಮಾಡಿದವರಿಗೆ ಅವಕಾಶವಿಲ್ಲ. ಎಲ್‌ಎಲ್‌ಬಿ ಮಾತ್ರ ದೂರಶಿಕ್ಷಣದಲ್ಲಿ ಇಲ್ಲವೇ ಇಲ್ಲ. ಮನೆಯಲ್ಲೇ ಕುಳಿತು ಲಾ ಮಾಡಿ ಎಂದು ಯಾರಾದರೂ ಫೋನ್ ಮಾಡಿದರೆ ಅಲ್ಲೇ ಇಟ್ಟುಬಿಡಿ.

ರಾಜ್ಯದ ಕಾಲೇಜೋ, ಇನ್ನೊಂದು ವರ್ಷ ಕಾದು ಕ್ಲ್ಯಾಟೋ

ಇದು 45 ದಾಟಿ, ಬಯಸಿದ ಸೀಟು ತಪ್ಪಿದವರ ಪ್ರಶ್ನೆ. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿ ನೂರಕ್ಕೂ ಹೆಚ್ಚು ಕಾಲೇಜುಗಳಿವೆ. ಮೈಸೂರಿನ ಜೆಎಸ್‌ಎಸ್, ಮಂಗಳೂರಿನ ಎಸ್‌ಡಿಎಂ, ಬೆಳಗಾವಿಯ ಆರ್.ಎಲ್. ಲಾ ಕಾಲೇಜಿನಂಥ ಹೆಸರಾದವೂ ಇವೆ, ತರಗತಿಯೇ ನಡೆಯದಂಥವೂ ಇವೆ. ಪ್ರವೇಶ ಸಾಮಾನ್ಯವಾಗಿ ಪಿಯು ಅಂಕದ ಮೇಲೆ. ಉತ್ತರವನ್ನು ಕನ್ನಡದಲ್ಲೂ ಬರೆಯಬಹುದು ಎಂಬುದು ಕನ್ನಡ ಮಾಧ್ಯಮದ ಮಕ್ಕಳಿಗೆ ದೊಡ್ಡ ಆಸರೆ. ಕ್ಲ್ಯಾಟ್ ಪೂರ್ತಿ ಇಂಗ್ಲಿಷ್, ಉದ್ದುದ್ದ ಗದ್ಯಭಾಗ ಓದಿ ಎರಡು ಗಂಟೆಯಲ್ಲಿ ಮುಗಿಸಬೇಕು, ತಪ್ಪಿದ ಪ್ರತಿ ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ.

ಕ್ಲ್ಯಾಟ್‌ಗೆ ವಯಸ್ಸಿನ ಮಿತಿ ಇಲ್ಲ. ಆದ್ದರಿಂದ ಮೊದಲ ಪ್ರಯತ್ನದಲ್ಲೇ ಸೀಟಿನ ಹತ್ತಿರ ಬಂದು ತಪ್ಪಿದವರು, ಇಂಗ್ಲಿಷ್ ಪತ್ರಿಕೆಯನ್ನು ದಿನವೂ ಓದುವ ಅಭ್ಯಾಸ ಇರುವವರು, ಒಂದು ವರ್ಷ ಕಾಯುವುದರಲ್ಲಿ ಅರ್ಥವಿದೆ. ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಬೆಂಗಳೂರಿನ ಕಾನೂನು ಶಾಲೆಯಲ್ಲಿ ಶೇ. 25ರ ಮೀಸಲಾತಿ ಇರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬಹಳ ಹಿಂದೆ ಉಳಿದವರಿಗೆ ಕಾಯುವಂತೆ ನಾನು ಹೇಳುವುದಿಲ್ಲ. ಗೆಳೆಯರೆಲ್ಲ ಕಾಲೇಜಿಗೆ ಹೋಗುವಾಗ ಮನೆಯಲ್ಲಿ ಒಬ್ಬರೇ ಕೂರುವ ವರ್ಷ ಹದಿನೆಂಟರ ಮನಸ್ಸಿಗೆ ಭಾರವಾದದ್ದು. ಊರಿನ ಒಳ್ಳೆಯ ಕಾಲೇಜಿಗೆ ಸೇರಿ, ಚೆನ್ನಾಗಿ ಓದಿ, ಕಾನೂನಿನ ಸ್ನಾತಕೋತ್ತರ ಪದವಿಯಾದ ಎಲ್‌ಎಲ್‌ಎಂಗೆ ಕ್ಲ್ಯಾಟ್ ಬರೆದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಕ್ಕೆ ಹೋಗುವ ದಾರಿಯೂ ತೆರೆದೇ ಇದೆ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ ಎಷ್ಟು ತರಗತಿಯಲ್ಲಿ ಪಾಠ ನಡೆಯುತ್ತಿದೆ ನೋಡಿ. ಗ್ರಂಥಾಲಯದಲ್ಲಿ ಈ ವರ್ಷದ ತೀರ್ಪು ಸಂಪುಟಗಳಿವೆಯೇ ಕೇಳಿ. ಬಿಸಿಐ ಅನುಮೋದನೆ ಈ ಸಾಲಿಗೂ ಇದೆಯೇ ಎಂಬುದನ್ನು ಬರಹದಲ್ಲೇ ನೋಡಿ.

ಮ್ಯಾನೇಜ್‌ಮೆಂಟ್ ಸೀಟಿನ ಮಾತು

ದುಡ್ಡು ಕೊಟ್ಟರೆ ಅಂಕದ ವಿಷಯ ನಾವು ನೋಡಿಕೊಳ್ಳುತ್ತೇವೆ ಎನ್ನುವವರು ಫಲಿತಾಂಶದ ಮರುದಿನವೇ ಹುಟ್ಟಿಕೊಳ್ಳುತ್ತಾರೆ. ಮ್ಯಾನೇಜ್‌ಮೆಂಟ್ ಕೋಟಾ ಮೆರಿಟ್‌ನ ಕೊರತೆಯನ್ನು ತುಂಬಬಲ್ಲದು, ಅರ್ಹತೆಯ ಕೊರತೆಯನ್ನಲ್ಲ. ಶೇ. 52 ಇದ್ದು ಕಟ್‌ಆಫ್‌ಗೆ ಸಿಗದವರು, ಮನೆಯಲ್ಲಿ ಶಕ್ತಿ ಇದ್ದರೆ, ಆ ಸೀಟು ತೆಗೆದುಕೊಳ್ಳಬಹುದು. ಶೇ. 43 ಇರುವ ಸಾಮಾನ್ಯ ವರ್ಗದ ಮಗುವನ್ನು ಹಾಗೆ ಸೇರಿಸಿದರೆ ಪೆಟ್ಟು ಬೀಳುವುದು ವರ್ಷಗಳ ನಂತರ. ವಿಶ್ವವಿದ್ಯಾಲಯ ಪ್ರವೇಶಕ್ಕೆ ಅನುಮೋದನೆ ನಿರಾಕರಿಸಬಹುದು. ಅಲ್ಲಿ ದಾಟಿದರೂ ಸನ್ನದಿಗೆ ಅರ್ಜಿ ಹಾಕುವಾಗ ರಾಜ್ಯ ವಕೀಲರ ಪರಿಷತ್ತು ಎಲ್‌ಎಲ್‌ಬಿ ಜೊತೆಗೆ ಎಸ್‌ಎಸ್‌ಎಲ್‌ಸಿ, ಪಿಯು ಅಂಕಪಟ್ಟಿಗಳನ್ನೂ ಕೇಳುತ್ತದೆ. ಐದು ವರ್ಷ ಓದಿ, ಲಕ್ಷಗಟ್ಟಲೆ ಖರ್ಚು ಮಾಡಿ, ಅಲ್ಲಿ ನಿಂತು ಹೋದರೆ ಆ ನಷ್ಟ ಯಾರೂ ತುಂಬಿಕೊಡುವುದಿಲ್ಲ. ಇದೊಂದು ವಿಷಯದಲ್ಲಿ ನನ್ನ ಮಾತು ಖಡಾಖಂಡಿತ: ಹೊಸ್ತಿಲಿಗಿಂತ ಕೆಳಗಿದ್ದರೆ ಯಾವ ಸೀಟನ್ನೂ ಕೊಳ್ಳಬೇಡಿ. ಅದೇ ದುಡ್ಡಿನ ಒಂದು ಪಾಲಿನಲ್ಲಿ ಡಿಗ್ರಿ ಮುಗಿಯುತ್ತದೆ.

ಫಲಿತಾಂಶ ಬರುವ ಮುನ್ನ

ಈಗಿನ್ನೂ ಕಾಯುತ್ತಿರುವವರು ಎರಡು ಕೆಲಸ ಮಾಡಿಟ್ಟುಕೊಳ್ಳಿ. ಲಾ ಅರ್ಜಿಯ ಜೊತೆಗೇ ಒಂದು ಡಿಗ್ರಿ ಕಾಲೇಜಿಗೂ ಅರ್ಜಿ ಹಾಕಿ, ಆಗ ಮಾರ್ಕ್ಸ್ ಕಾರ್ಡ್ ಏನೇ ಹೇಳಲಿ ಆ ವರ್ಷ ಖಾಲಿ ಹೋಗದು. ಜಾತಿ ಪ್ರಮಾಣಪತ್ರ ಹಳೆಯದಾಗಿದ್ದರೆ ನಾಡಕಚೇರಿಯಲ್ಲಿ ಈಗಲೇ ಹೊಸದು ಮಾಡಿಸಿ, 252ಕ್ಕೂ 270ಕ್ಕೂ ನಡುವೆ ನಿಂತವರಿಗೆ ಆ ಒಂದು ಹಾಳೆಯೇ ಸೀಟು.

ಕ್ಲ್ಯಾಟ್ ಮೂಲಕ ಸೀಟು ಗೊತ್ತಾಗಿ, ಅಂಕದ ಬಗ್ಗೆ ಅನುಮಾನ ಇರುವವರು ಮೂರನೆಯದೊಂದನ್ನು ಮಾಡಬೇಕು. ಆ ವಿಶ್ವವಿದ್ಯಾಲಯಕ್ಕೆ ಇ-ಮೇಲ್ ಬರೆದು ಮೂರು ಪ್ರಶ್ನೆ ಕೇಳಿ: ಅಂಕಪಟ್ಟಿ ಸಲ್ಲಿಸಲು ಕೊನೆಯ ದಿನ ಯಾವುದು, ಪರೀಕ್ಷೆ-2ರಲ್ಲಿ ಏರಿದ ಅಂಕವನ್ನು ಒಪ್ಪುತ್ತೀರಾ, ಅರ್ಹತೆ ಸಿಗದಿದ್ದರೆ ಕಟ್ಟಿದ ಶುಲ್ಕದಲ್ಲಿ ಎಷ್ಟು ಯಾವ ದಿನಾಂಕದವರೆಗೆ ವಾಪಸು ಬರುತ್ತದೆ. ಫೋನಿನಲ್ಲಿ ಸಿಕ್ಕ ಉತ್ತರ ಸಾಲದು, ಬರಹದಲ್ಲಿ ತರಿಸಿಕೊಂಡು ಮುದ್ರಿಸಿ, ಪ್ರವೇಶದ ದಿನ ಒಯ್ಯುವ ಕಡತದಲ್ಲಿ ಹಾಲ್ ಟಿಕೆಟ್ ಜೊತೆ ಇಡಿ.